ಅಂತರಿಕ್ಷ ಕಾದಂಬರಿಗಳಲ್ಲಿ ಸಲಿಂಗ ಪ್ರಣಯ ಮತ್ತು ರಹಸ್ಯ

ಅನ್ಯಗ್ರಹಗಳನ್ನೂ ವ್ಯೋಮನೌಕೆಗಳನ್ನೂ ರಂಗಭೂಮಿಯನ್ನಾಗಿ ಮಾಡಿಕೊಂಡು, ಸಮಾನಲಿಂಗಿಗಳ ಅಥವಾ ಗಂಡು ಹೆಣ್ಣೆಂಬ ವಿಭಾಗಕ್ಕೆ ಒಳಪಡದವರ ಪ್ರೇಮವನ್ನು ಒಂದು ಮರಣದ, ಕಣ್ಮರೆಯ ಅಥವಾ ರಾಜಕೀಯ ಒಳಸಂಚಿನ ಶೋಧನೆಯೊಡನೆ ಹೆಣೆಯುವ ವೈಜ್ಞಾನಿಕ ಕಾದಂಬರಿಗಳ ಶಾಖೆ. ಇದು ಮುಖ್ಯವಾಗಿ ಇಂಗ್ಲಿಷಿನಲ್ಲಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಬೆಳೆದುಬಂದಿತು. ಆರಂಭದ ಕೃತಿಗಳಲ್ಲಿ ಪ್ರೇಮವೇ ಬಯಲಾಗಬೇಕಾದ ಗುಟ್ಟಾಗಿತ್ತು. ಈಚಿನವುಗಳಲ್ಲಿ ಪ್ರೇಮವು ನಿಸ್ಸಂಕೋಚವಾಗಿ ಹೊರಗೆ ಬಂದು, ಗುಟ್ಟು ಪ್ರಭುತ್ವದ ಅಂತರಂಗಕ್ಕೆ ಸರಿದಿದೆ.

ಈ ಮಾರ್ಗದ ಪೂರ್ವಸೂಚನೆ ಥಿಯೊಡರ್ ಸ್ಟರ್ಜನ್ 1953ರಲ್ಲಿ ಪ್ರಕಟಿಸಿದ 'ದಿ ವರ್ಲ್ಡ್ ವೆಲ್ ಲಾಸ್ಟ್' ಎಂಬ ಸಣ್ಣಕಥೆಯಲ್ಲಿದೆ. ದಿರ್ಬಾನು ಎಂಬ ಗ್ರಹದಿಂದ ಓಡಿಬಂದ ಇಬ್ಬರು ಪ್ರಣಯಿಗಳನ್ನು ಭೂಲೋಕದವರು ಮೊದಲು ಅಕ್ಕರೆಯಿಂದ ಕಂಡು, ಬಳಿಕ ಆ ಗ್ರಹದ ಸಖ್ಯವನ್ನು ಬಯಸಿ, ಇಬ್ಬರೇ ನಾವಿಕರಿರುವ ನೌಕೆಯೊಂದರಲ್ಲಿ ಮರಳಿ ಸಾಗಿಸುತ್ತಾರೆ. ನಾವಿಕರಲ್ಲೊಬ್ಬನಾದ, ಮಿತಭಾಷಿಯೂ ಭೀಮಕಾಯನೂ ಆದ ಗ್ರಂಟಿಯು, ಮನಸ್ಸನ್ನು ಓದಬಲ್ಲ ಈ ಬಂದಿಗಳು ತನ್ನ ಹೃದಯದ ಗುಟ್ಟನ್ನು ಅರಿತರೆಂದು ಹೆದರಿ ಅವರನ್ನು ಕೊಲ್ಲಹೊರಡುವನು. ಆಗ ಅವರು ಚಿತ್ರ ಬರೆದು ತಾವಿಬ್ಬರೂ ಗಂಡಸರೆಂದು ತಿಳಿಸುತ್ತಾರೆ. ಅವರನ್ನು ಪಾರುಗೊಳಿಸುವ ಗ್ರಂಟಿಗೆ ತನ್ನ ನಾಯಕನಲ್ಲಿದ್ದ ಅನುರಾಗ ಓದುಗನಿಗೆ ಗೋಚರಿಸುತ್ತದೆ, ನಾಯಕನಿಗೆ ಗೋಚರಿಸುವುದೇ ಇಲ್ಲ. ಸಮಾಜದ ಭಯದಿಂದ ಬಾಯಿ ಕಟ್ಟಿಕೊಂಡು ಬಾಳಿದವರ ವ್ಯಥೆಯನ್ನು ಇಷ್ಟು ಸಂಯಮದಿಂದ ನುಡಿದ ಕಥೆ ಆ ಕಾಲದ ವಿಜ್ಞಾನಸಾಹಿತ್ಯದಲ್ಲಿ ವಿರಳ.

ಅರ್ಸುಲಾ ಲೆ ಗ್ವಿನ್ 1969ರಲ್ಲಿ ಪ್ರಕಟಿಸಿದ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಹ್ಯೂಗೊ ಮತ್ತು ನೆಬ್ಯುಲ ಪ್ರಶಸ್ತಿಗಳೆರಡನ್ನೂ ಪಡೆಯಿತು. ಹಿಮಾವೃತವಾದ ಗೆಥೆನ್ ಗ್ರಹದ ಜನರು ತಿಂಗಳ ಬಹುಭಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವೇ ದಿನ ಮಾತ್ರ ಇವುಗಳಲ್ಲೊಂದಾಗುತ್ತಾರೆ. ಅನ್ಯಲೋಕದ ದೂತನಾದ ಗೆನ್ಲಿ ಆಯ್, ತನ್ನ ಹಿತೈಷಿಯೋ ದ್ರೋಹಿಯೋ ಎಂದು ಬಹುಕಾಲ ನಿಶ್ಚಯಿಸಲಾರದ ಎಸ್ತ್ರಾವೆನ್‌ನೊಡನೆ ಹಿಮದ ಮೇಲೆ ಜಾರುಗಾಡಿಯನ್ನೆಳೆಯುತ್ತ ಸಾಗುವಾಗ, ಸಂಶಯ ಕರಗಿ ಪ್ರೇಮ ಉಳಿಯುತ್ತದೆ.

ಮಾಸಕ್ಕೊಮ್ಮೆ ಲಿಂಗ ಪಲ್ಲಟಗೊಳ್ಳುವ ಕಲ್ಪನೆ ನಮ್ಮ ಪುರಾಣಗಳನ್ನು ಬಲ್ಲವರಿಗೆ ಹೊಸದಲ್ಲ. ಒಂದು ತಿಂಗಳು ಪುರುಷನೂ ಮತ್ತೊಂದು ತಿಂಗಳು ಸ್ತ್ರೀಯೂ ಆಗುತ್ತಿದ್ದ ಇಳೆಯನ್ನು ವರಿಸಿದವನು ಬುಧ. ಅಂದರೆ ಚಂದ್ರನ ಮಗನಾದ ಒಂದು ಗ್ರಹ. ಚಂದ್ರವಂಶವೆಲ್ಲ ಆ ದಾಂಪತ್ಯದಿಂದಲೇ ಬೆಳೆಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಓದುಗರಿಗಂತೂ ಇಂಥ ಪಲ್ಲಟ ಕಣ್ಣಾರೆ ಕಂಡ ಸಂಗತಿ. ಯಕ್ಷಗಾನದ ಹಾರಾಡಿ, ಮಟಪಾಡಿ ಶೈಲಿಗಳು ರೂಪುಗೊಂಡ ಈ ನೆಲದಲ್ಲಿ, ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟಗಳಲ್ಲಿ, ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತ ಬಂದಿದ್ದಾರೆ. 'ಭೀಷ್ಮವಿಜಯ'ದ ಅಂಬೆ ಸಾಲ್ವನಿಂದ ತಿರಸ್ಕೃತಳಾಗಿ ಬಂದು ಭೀಷ್ಮನೆದುರು ನ್ಯಾಯ ಕೇಳುವಾಗ, ವೇಷದೊಳಗಿರುವವನು ಗಂಡಸೆಂಬ ಅರಿವು ಚೌಕಿಯ ಹೊರಗೆ ಕುಳಿತ ಪ್ರೇಕ್ಷಕನ ಕಣ್ಣೀರಿಗೆ ಅಡ್ಡಿಯಾಗುವುದಿಲ್ಲ. ಆ ಅಂಬೆಯೇ ಮುಂದೆ ಶಿಖಂಡಿಯಾಗಿ ಹುಟ್ಟುವಳೆಂಬುದೂ ಆತನಿಗೆ ವಿಚಿತ್ರವೆನಿಸದು. ಆದರೆ ರಂಗಸ್ಥಳದ ಈ ಔದಾರ್ಯ ಅಷ್ಟೇ ಸಲೀಸಾಗಿ ಮನೆಯಂಗಳಕ್ಕೆ ಇಳಿದುಬಂದಿತೆಂದು ಹೇಳುವಂತಿಲ್ಲ. ಈ ಬಗೆಯ ಕಾದಂಬರಿಗಳ ಮಹತ್ತ್ವವಿರುವುದು ಅಲ್ಲಿಯೇ. ಅವು ವೇಷ ಕಳಚಿದ ಮೇಲಿನ ಬಾಳನ್ನು, ಮದುವೆ, ಮುನಿಸು, ಮನೆವಾರ್ತೆಗಳನ್ನು ಕಲ್ಪಿಸಿ ತೋರಿಸುತ್ತವೆ.

ಪ್ರಣಯವೂ ಪತ್ತೇದಾರಿಯೂ ಸಂಪೂರ್ಣವಾಗಿ ಬೆರೆತದ್ದು ಇತ್ತೀಚೆಗೆ. ಆರ್ಕಡಿ ಮಾರ್ಟೀನ್ ಅವರ 'ಎ ಮೆಮರಿ ಕಾಲ್ಡ್ ಎಂಪೈರ್' (2019), 2020ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ಕೃತಿ; ಹಿಂದಿನ ರಾಯಭಾರಿಯ ಸಾವಿನ ಕಾರಣವನ್ನು ಅರಸುವ ಮಾಹಿತ್, ಸಾಮ್ರಾಜ್ಯದ ಅಧಿಕಾರಿಣಿಯಾದ ತ್ರೀ ಸೀಗ್ರಾಸ್‌ಳತ್ತ ಆಕರ್ಷಿತಳಾಗುತ್ತಾಳೆ. ಎವರಿನಾ ಮ್ಯಾಕ್ಸ್‌ವೆಲ್ ಅವರ 'ವಿಂಟರ್ಸ್ ಆರ್ಬಿಟ್' (2021) ರಾಜಕುಮಾರ ಕೀಮ್‌ಗೂ ಪತಿಯನ್ನು ಕಳೆದುಕೊಂಡ ಜೈನಾನ್‌ಗೂ ಗ್ರಹಗಳ ನಡುವಣ ಒಪ್ಪಂದದ ಸಲುವಾಗಿ ನಡೆಯುವ ವಿವಾಹದಿಂದ ಆರಂಭವಾಗಿ, ಆ ಮೊದಲ ಪತಿಯ ಮರಣ ಅಪಘಾತವಲ್ಲವೆಂಬ ಶೋಧಕ್ಕೆ ತಿರುಗುತ್ತದೆ. ಅಲ್ಲಿ ಇಬ್ಬರು ಗಂಡಸರ ಮದುವೆ ಯಾರಿಗೂ ಅಚ್ಚರಿಯಲ್ಲ. ಮೊದಲ ದಾಂಪತ್ಯದಲ್ಲಿ ಅನುಭವಿಸಿದ ಹಿಂಸೆಯನ್ನು ಜೈನಾನ್ ಮುಚ್ಚಿಟ್ಟಿರುವುದೇ ನಿಜವಾದ ಗುಟ್ಟು. ಮಾಲ್ಕಾ ಓಲ್ಡರ್ ಅವರ 'ದಿ ಮಿಮಿಕಿಂಗ್ ಆಫ್ ನೋನ್ ಸಕ್ಸೆಸಸ್' (2023) ಕೃತಿಯಲ್ಲಿ, ಗುರುಗ್ರಹವನ್ನು ಸುತ್ತುವರಿದ ರೈಲುಹಳಿಗಳ ಮೇಲಿನ ವಸತಿಗಳಲ್ಲಿ, ತನಿಖೆಗಾರ್ತಿ ಮೋಸ್ಸಾ ಕಾಣೆಯಾದವನೊಬ್ಬನನ್ನು ಹುಡುಕುತ್ತ ತನ್ನ ಹಳೆಯ ಪ್ರೇಯಸಿ ಪ್ಲೈಟಿಯ ಬಾಗಿಲಿಗೆ ಬರುತ್ತಾಳೆ.

ಕನ್ನಡದಲ್ಲಿ ಇವುಗಳ ಅಂಶಗಳು ಬೇರೆಬೇರೆ ಕೃತಿಗಳಲ್ಲಿ ಹರಡಿವೆ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳಿಂದ ವಿಜ್ಞಾನಕ್ಕೆ ಸರಳವಾದ ಕನ್ನಡವನ್ನು ಒದಗಿಸಿದರು. 'ಮೂಕಜ್ಜಿಯ ಕನಸುಗಳು' (1968) ಕಾದಂಬರಿಯಲ್ಲಿ, ವಸ್ತುವನ್ನು ಮುಟ್ಟಿ ಅದರ ಪೂರ್ವವೃತ್ತಾಂತವನ್ನು ಕಾಣುವ ಮುದುಕಿಯೊಬ್ಬಳ ಬಾಯಿಂದ ಕಾಮದ ವಿಷಯವನ್ನು ನಾಚಿಕೆಯಿಲ್ಲದೆ ನುಡಿಸಿದರು. ಸಲಿಂಗ ಪ್ರೇಮವನ್ನೇ ಕೇಂದ್ರದಲ್ಲಿಟ್ಟು ವಸುಧೇಂದ್ರರು ಬರೆದ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತುದಕ್ಕಿಂತ ಐದು ವರ್ಷ ಮೊದಲೇ, ಹೊರಬಂದಿತು.