ನಡುಹಗಲಿನ ಬಿಸಿಲೂ ಮೂರ್ತಿಯವರ ಕನ್ನಡಿಯೂ

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲ ಸೂರ್ಯನು ನೇರ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆ ಹೊತ್ತಿನಲ್ಲಿ ಬಸವನಗುಡಿಯ ಬೀದಿಯಲ್ಲಿ ನಿಂತವರೊಬ್ಬರ ಚಿತ್ರ ತೆಗೆದು ನೋಡಿ. ಬಿಳಿಯ ಪಂಚೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಹುಬ್ಬಿನ ಕೆಳಗೆ ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಕುಳಿಗಳು. ನಮ್ಮ ಕಣ್ಣು ಬಿಸಿಲನ್ನೂ ನೆರಳನ್ನೂ ಒಟ್ಟಿಗೆ ಕಾಣಬಲ್ಲದು, ಫಿಲ್ಮಿಗೆ ಅಷ್ಟು ಶಕ್ತಿಯಿಲ್ಲ. ಮುಖಕ್ಕೆಂದು ಹೆಚ್ಚು ಬೆಳಕು ಬಿಟ್ಟರೆ ಪಂಚೆ ಹೋಯಿತು. ಪಂಚೆಗೆಂದು ಕಡಿಮೆ ಮಾಡಿದರೆ ಮುಖ ಹೋಯಿತು.

ಹೊರಾಂಗಣದಲ್ಲಿ ಚಲನಚಿತ್ರ ತೆಗೆಯುವವರು ಇದಕ್ಕೆ ಸುಲಭವಾದ ಉಪಾಯ ಕಂಡುಕೊಂಡರು. ಹಲಗೆಗೆ ಬೆಳ್ಳಿಕಾಗದ ಅಂಟಿಸಿ, ಅದೇ ಬಿಸಿಲನ್ನು ನೆರಳಿನ ಕಡೆಗೆ ತಿರುಗಿಸಿದರು. (ಕಣ್ಣು ಕಿರಿದು ಮಾಡದೆ ಮಾತನಾಡಬೇಕಾದ ನಟರ ಪಾಡು ಬೇರೆ!)

ಈ ಉಪಾಯವನ್ನು ಕಲೆಯ ಮಟ್ಟಕ್ಕೇರಿಸಿದವರು ನಮ್ಮವರೇ ಆದ ವಿ. ಕೆ. ಮೂರ್ತಿಯವರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಅಲ್ಲಿ ಅವರಿಗೆ ದೊರೆತ ನಿರ್ದೇಶಕ ಗುರುದತ್ತರೂ ಬೆಂಗಳೂರಿನಲ್ಲಿ ಹುಟ್ಟಿದವರೇ.

1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಕತ್ತಲೆ ಕವಿದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿಯುತ್ತದೆ. ದೀಪದ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಬಹಳ ದೂರದಿಂದ ಬರುವ ಸೂರ್ಯನ ಕಿರಣಗಳಾದರೋ ಹೆಚ್ಚುಕಡಿಮೆ ಸಮಾನಾಂತರ. ಮೂರ್ತಿಯವರು ಹೊರಗೊಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಹಿಡಿದರು, ಒಳಗೆ ಇನ್ನೊಂದರಿಂದ ಅದನ್ನು ನಟರತ್ತ ಇಳಿಸಿದರು. ಸುತ್ತಲಿನ ಕತ್ತಲೆಯನ್ನು ಪೂರ್ತಿ ಬೆಳಗಿಸುವ ಗೋಜಿಗೇ ಅವರು ಹೋಗಲಿಲ್ಲ. ಜಾಣತನವಿರುವುದು ಇಲ್ಲಿ ಎಂದು ನನ್ನ ಎಣಿಕೆ: ಬೆಳಕನ್ನು ಸಮ ಮಾಡುವುದು ಬೇರೆ, ಹದ ಮಾಡುವುದು ಬೇರೆ. ಚಿತ್ರವೇನೋ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಛಾಯಾಗ್ರಹಣಕ್ಕೆ ಮಾತ್ರ ಫಿಲಂಫೇರ್ ಪ್ರಶಸ್ತಿ ಬಂದಿತು.

ಮುಂದೆ 1993ರಲ್ಲಿ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಅವರು ಕ್ಯಾಮೆರಾ ಹಿಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದಾಯಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಚಾಮರಾಜಪೇಟೆಗೂ ಬಸವನಗುಡಿಗೂ ನೆರೆಯಾದ ಶಂಕರಪುರದ ಮನೆಯಲ್ಲಿ 2014ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಿಮ್ಮ ಮನೆಯ ಮದುವೆಯಲ್ಲಿ ಮಧ್ಯಾಹ್ನವೇ ಚಿತ್ರ ತೆಗೆಯಬೇಕಾಗಿ ಬಂದರೆ ದೊಡ್ಡ ಕನ್ನಡಿಯೇನೂ ಬೇಡ. ವಧೂವರರನ್ನು ಜಗಲಿಯ ನೆರಳಿಗೆ ಕರೆದುಕೊಳ್ಳಿ. ಇಬ್ಬರು ಹುಡುಗರು ಅಂಗಳದ ಬಿಸಿಲಿನಲ್ಲಿ ಒಗೆದ ಬಿಳಿಯ ಪಂಚೆಯೊಂದನ್ನು ಬಿಡಿಸಿ, ಮುಖಗಳತ್ತ ಓರೆಯಾಗಿ ಹಿಡಿಯಲಿ.