ಆಕ್ಸ್‌ಫರ್ಡಿನ ಆರ್ಗನ್ ವಾದಕ ಜಾನ್ ಸ್ಟೇನರ್

ರಾಜ್ಯೋತ್ಸವದ ಸಂಚಿಕೆಯಲ್ಲಿ ಆಂಗ್ಲ ಸಂಗೀತಗಾರನೊಬ್ಬನ ಚರಿತ್ರೆಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಸಂಪಾದಕ ಮಿತ್ರರೂ ಮೊದಲು ಹಾಗೆಯೇ ಕೇಳಿದರು. ನಾವು ಕೊಟ್ಟ ಉತ್ತರ ಬಹಳ ಸರಳವಾದುದು. ಮುಂಬಯಿಯ ಕೋಟೆ ಪ್ರದೇಶದ ಬ್ಯಾಂಕೊಂದರಲ್ಲಿ ಅಂಕಿಗಳ ನಡುವೆ ದಿನ ಕಳೆಯುವವರು ನಾವು. ಒಂದು ಸಂಜೆ ಕೆಲಸ ಮುಗಿಸಿ ಹೊರಟಾಗ ಸಂತ ಥೋಮಸರ ಹಳೆಯ ಇಗರ್ಜಿಯೊಳಗಿನಿಂದ ಆರ್ಗನಿನ ನಾದ ಕೇಳಿಬಂತು. ಬಾಗಿಲಲ್ಲಿ ನಿಂತೆವು, ಗಾಡಿ ತಪ್ಪಿತು, ಮನೆಯಲ್ಲಿ ಮಾತು ಕೇಳಿಸಿಕೊಂಡೆವು. ಅದಾದ ಕೆಲವು ದಿನಗಳಿಗೆ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಆರ್ಗನ್ ಕಲಿಯುವವರಿಗಾಗಿ ಬರೆದ ತೆಳ್ಳನೆಯ ಕೈಪಿಡಿಯೊಂದು ಸಿಕ್ಕಿತು. ಬರೆದವನು ಜಾನ್ ಸ್ಟೇನರ್. ಆತನಾರೆಂದು ಹುಡುಕುತ್ತ ಹೋದಂತೆ, ಹೊಟ್ಟೆಪಾಡಿನ ಕೆಲಸ, ಮನಸ್ಸಿನ ಕೆಲಸ ಎರಡನ್ನೂ ಹೊತ್ತ ಒಬ್ಬ ಮನುಷ್ಯನ ಬಾಳು ನಮ್ಮೆದುರು ತೆರೆದುಕೊಂಡಿತು. ಹಗಲು ಕಚೇರಿ, ಸಂಜೆ ಸಂಘ ಎಂದು ಓಡಾಡುವ ನಮ್ಮವರಿಗೆ ಅದನ್ನು ಹೇಳಬೇಕೆನಿಸಿತು.

ಮೊದಲು ವಾದ್ಯದ ವಿಷಯ. ನಮ್ಮ ಭಜನೆಯ ಪೇಟಿಯನ್ನು ಕಂಡವರಿಗೆ ಆರ್ಗನ್ ತೀರ ಅಪರಿಚಿತವೇನಲ್ಲ. ಎರಡರದ್ದೂ ಗಾಳಿಯ ಸಂಸಾರವೇ. ಆದರೆ ಪೇಟಿಯಲ್ಲಿ ಗಾಳಿ ಹಿತ್ತಾಳೆಯ ನಾಲಗೆಗಳನ್ನು ಮಿಡಿಯುತ್ತದೆ. ಇಗರ್ಜಿಯ ಆರ್ಗನಿನಲ್ಲಿ ಅದು ಸಾಲು ಸಾಲಾಗಿ ನಿಲ್ಲಿಸಿದ ಕೊಳವೆಗಳನ್ನು ಊದುತ್ತದೆ. ಕೆಲವು ಕೊಳವೆಗಳು ಬೆರಳುದ್ದ, ಕೆಲವು ತೆಂಗಿನ ಮರದೆತ್ತರ. ನಾಟಕ ಕಂಪನಿಯ ಲೆಗ್ ಹಾರ್ಮೋನಿಯಮ್ಮಿನಲ್ಲಿ ಕಾಲಿಗೆ ತಿದಿಯೊತ್ತುವ ಕೆಲಸವಷ್ಟೇ. ಆರ್ಗನ್ ವಾದಕನ ಕಾಲುಗಳೋ ಸ್ವರಗಳನ್ನೇ ನುಡಿಸಬೇಕು. ಅದಕ್ಕಾಗಿ ಪಾದದಡಿಯಲ್ಲಿ ಬೇರೆಯೇ ಮೆಟ್ಟುಗಳಿವೆ. ಆದುದರಿಂದ ಆತನ ಕಣ್ಣೆದುರಿನ ಹಾಳೆಯಲ್ಲಿ ಎರಡು ಕೈಗಳಿಗೆ ಎರಡು, ಕಾಲುಗಳಿಗೊಂದು ಎಂದು ಮೂರು ಸ್ವರಪಂಕ್ತಿಗಳು ಒಟ್ಟಿಗೆ ಓಡುತ್ತಿರುತ್ತವೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ನಮ್ಮ ಕಥಾನಾಯಕನಿಗೆ ಇದ್ದುದು ಒಂದೇ ಕಣ್ಣಿನ ದೃಷ್ಟಿ.

ಸ್ಟೇನರ್ ಹುಟ್ಟಿದ್ದು 1840ರ ಜೂನ್ 6ರಂದು, ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯ ಸದರ್ಕ್‌ನಲ್ಲಿ. ತಂದೆ ಸಾಧಾರಣ ಸ್ಥಿತಿಯವನು, ಸಂಗೀತಪ್ರಿಯ. ಮನೆಯಲ್ಲೊಂದು ಚಿಕ್ಕ ಆರ್ಗನ್ ಇದ್ದಿತು. ಎಳವೆಯಲ್ಲೇ ಒದಗಿದ ಅಪಘಾತವೊಂದರಿಂದ ಹುಡುಗನ ಒಂದು ಕಣ್ಣು ಹೋಯಿತು. ಆದರೂ ಏಳೆಂಟು ವರ್ಷಗಳಾಗುವಷ್ಟರಲ್ಲಿ ಬಾಖನ ಕಠಿಣ ಕೃತಿಗಳಲ್ಲಿ ಆತನ ಬೆರಳಾಡುತ್ತಿತ್ತು. ಲಂಡನ್ನಿನ ಸಂತ ಪಾಲರ ಮಹಾದೇವಾಲಯದ ಗಾಯಕ ಬಾಲಕರಲ್ಲಿ ಒಬ್ಬನಾಗಿ ಸೇರಿಕೊಂಡನು.

ಇಲ್ಲಿ ಒಬ್ಬ ಹೆಂಗಸಿನ ಹೆಸರು ಹೇಳದೆ ಮುಂದುವರಿಯುವುದು ಕೃತಘ್ನತೆಯಾದೀತು. ಮರಿಯಾ ಹ್ಯಾಕೆಟ್ ಎಂಬಾಕೆ, ದೇವಾಲಯಗಳ ಗಾಯಕ ಬಾಲಕರಿಗೆ ನ್ಯಾಯವಾಗಿ ಸಲ್ಲಬೇಕಾದ ಊಟ, ವಸತಿ, ವಿದ್ಯೆ ಸಲ್ಲುತ್ತಿಲ್ಲವೆಂದು ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದು, ಐವತ್ತು ವರ್ಷಕ್ಕೂ ಮಿಕ್ಕಿ ಬೆನ್ನು ಹತ್ತಿದ ಮಹಾತಾಯಿ. ಹಳೆಯ ದಾನಪತ್ರಗಳನ್ನು ತಾನೇ ಓದಿ ಹಕ್ಕು ತೋರಿಸಿಕೊಡುತ್ತಿದ್ದಳು. ಆಕೆಯ ಕೈಯಿಂದಲೇ ಸ್ಟೇನರನ ಆರ್ಗನ್ ಪಾಠದ ಖರ್ಚು ನಡೆಯಿತು. ಗುರು, ಜಾರ್ಜ್ ಕೂಪರ್.

1854ರಲ್ಲಿ, ಹದಿನಾಲ್ಕರ ವಯಸ್ಸಿಗೆ, ನದೀತೀರದ ಸಂತ ಬೆನೆಟರ ಚಿಕ್ಕ ಇಗರ್ಜಿಯಲ್ಲಿ ಮೊದಲ ಉದ್ಯೋಗ. ಈ ಇಗರ್ಜಿಯ ಮುಂದಿನ ಕಥೆ ನಮ್ಮಂಥವರಿಗೆ ರುಚಿಸುವಂಥದು. ಉದ್ಯೋಗಕ್ಕಾಗಿ ಲಂಡನ್ನಿಗೆ ಬಂದು ನೆಲೆಸಿದ ವೇಲ್ಸ್ ನಾಡಿನವರಿಗೆ ತಮ್ಮ ನುಡಿಯಲ್ಲೇ ಪ್ರಾರ್ಥನೆ ನಡೆಸಲು 1879ರಲ್ಲಿ ವಿಕ್ಟೋರಿಯಾ ರಾಣಿಯ ಅಪ್ಪಣೆಯಿಂದ ಅದು ದೊರೆಯಿತು. ನೂರಾರು ಬ್ಯಾಂಕುಗಳ ನಡುವಿನ ಆ ನೆಲದಲ್ಲಿ ವಾರಕ್ಕೊಮ್ಮೆ ತಾಯ್ನುಡಿ ಕೇಳಲು ಸೇರಿದವರನ್ನು ಊಹಿಸಿಕೊಳ್ಳಲು ನಮಗೆ ಕಷ್ಟವಾಗಲಿಲ್ಲ. ಬಾಡಿಗೆಯ ಹಾಲಿಗಾಗಿ ನಮ್ಮ ಸಂಘ ಅಲೆದ ವರ್ಷಗಳು ಹಿರಿಯರಿಗೆ ನೆನಪಿರಬೇಕು.

ಕಥೆಗೆ ಮರಳೋಣ. ಫ್ರೆಡರಿಕ್ ಔಸ್ಲಿ ಎಂಬ ಶ್ರೀಮಂತ ಪಾದ್ರಿ, ಆಕ್ಸ್‌ಫರ್ಡಿನ ಸಂಗೀತ ಪ್ರಾಧ್ಯಾಪಕ, ಟೆನ್‌ಬರಿ ಎಂಬ ಹಳ್ಳಿಗಾಡಿನ ಊರ ಬಳಿ ಸ್ವಂತ ಹಣ ಸುರಿದು ದೇವಾಲಯ ಸಂಗೀತದ ವಿದ್ಯಾಲಯವೊಂದನ್ನು 1856ರಲ್ಲಿ ತೆರೆದಿದ್ದನು. ಸ್ಟೇನರನ ವಾದನ ಕೇಳಿ ಮೆಚ್ಚಿ, ಹದಿನಾರು ದಾಟಿದ ಆ ಹುಡುಗನನ್ನೇ ಅಲ್ಲಿಗೆ ವಾದಕನಾಗಿ ಕರೆದೊಯ್ದನು. ಔಸ್ಲಿಯ ಹಳೆಯ ಹಸ್ತಪ್ರತಿಗಳ ಸಂಗ್ರಹ ಹೆಸರುವಾಸಿಯಾದುದು. ಹುಡುಗನಿಗೆ ಹಳೆಯ ಹಾಳೆಗಳ ಹುಚ್ಚು ಹಿಡಿದುದು ಅಲ್ಲಿಯೇ ಎಂದು ನಮ್ಮ ಊಹೆ.

1860ರಲ್ಲಿ ಆಕ್ಸ್‌ಫರ್ಡಿನ ಒಂದು ಕಾಲೇಜಿಗೆ ವಾದಕನಾಗಿ ಬಂದನು. ಕಾಲೇಜಿನ ಹೆಸರನ್ನು ಬರೆಯುವುದು ಮ್ಯಾಗ್ಡಲೆನ್ ಎಂದು, ಹೇಳುವುದು ಮಾಡ್ಲಿನ್ ಎಂದು. ಇಂಗ್ಲಿಷಿನವರ ಕಾಗುಣಿತವೇ ಹಾಗೆ! ಸ್ವಲ್ಪ ಕಾಲದಲ್ಲೇ ವಿಶ್ವವಿದ್ಯಾನಿಲಯದ ಆರ್ಗನ್ ವಾದಕನ ಪದವಿಯೂ ದೊರೆಯಿತು. ಆಗಿನ್ನೂ ಇಪ್ಪತ್ತರ ಹರೆಯ. ಸಂತ ಮೇರಿಯ ದೇವಾಲಯದಲ್ಲಿ ವಿಶ್ವವಿದ್ಯಾನಿಲಯದ ಉಪದೇಶಗಳು ನಡೆಯುವಾಗ ನುಡಿಸುವುದು ಆ ಪದವಿಯ ಕೆಲಸ. ಮತ್ತೊಬ್ಬನಾಗಿದ್ದರೆ ಅಷ್ಟಕ್ಕೇ ತೃಪ್ತನಾಗುತ್ತಿದ್ದನೇನೋ. ಸಂಗೀತದ ಮೊದಲ ಪದವಿಯನ್ನು 1859ರಲ್ಲೇ ಪಡೆದಿದ್ದ ಸ್ಟೇನರ್, ಈಗ ಸಾಮಾನ್ಯ ವಿದ್ಯಾರ್ಥಿಗಳ ಜೊತೆ ಬೆಂಚಿನಲ್ಲಿ ಕುಳಿತು 1864ರಲ್ಲಿ ಬಿ.ಎ. ಮಾಡಿದನು, ಮರುವರ್ಷ ಸಂಗೀತದಲ್ಲಿ ಡಾಕ್ಟರ್, ಅದರ ಮರುವರ್ಷ ಎಂ.ಎ. ನೌಕರಿಯಲ್ಲಿದ್ದುಕೊಂಡೇ ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ನಮ್ಮಂಥವರಿಗೆ ಇದರ ಬೆವರು ಎಷ್ಟೆಂದು ಗೊತ್ತು.

1871ರಲ್ಲಿ ಬ್ರಾಮ್ಲಿ ಎಂಬ ಸಹೋದ್ಯೋಗಿಯೊಡನೆ 42 ಕ್ರಿಸ್‌ಮಸ್ ಗೀತೆಗಳನ್ನು ಪ್ರಕಟಿಸಿದನು. ಜನರ ಬಾಯಲ್ಲುಳಿದಿದ್ದ ಹಳೆಯ ಹಾಡುಗಳು ಕೆಲವು, ಹೊಸವು ಕೆಲವು. ಇಂದಿಗೂ ಡಿಸೆಂಬರ್ ತಿಂಗಳಲ್ಲಿ ಬಾಂದ್ರದ ಬೀದಿಗಳಲ್ಲಿ ಕೇಳಿಬರುವ ಇಂಗ್ಲಿಷ್ ಹಾಡುಗಳಲ್ಲಿ ಕೆಲವಕ್ಕೆ ಈಗಿನ ರೂಪ ನೆಲೆಗೊಂಡುದು ಆ ಪುಸ್ತಕದಿಂದ.

1872ರಲ್ಲಿ, ತಾನು ಬಾಲಕನಾಗಿ ಹಾಡಿದ್ದ ಸಂತ ಪಾಲರ ದೇವಾಲಯಕ್ಕೆ ಸ್ಟೇನರ್ ಮುಖ್ಯ ವಾದಕನಾಗಿ ಹಿಂತಿರುಗಿದನು. ಅದೇ ವರ್ಷ ಹೆನ್ರಿ ವಿಲ್ಲಿಸ್ ಅಲ್ಲಿ ಹೊಸ ಆರ್ಗನ್ ಕಟ್ಟಿದ್ದನು. ವಾದ್ಯ ಚೆನ್ನಾಗಿತ್ತು, ಮೇಳ ಸೊರಗಿತ್ತು. ಹಾಡುವವರು ಕಡಿಮೆ, ಶಿಸ್ತು ಅದಕ್ಕಿಂತ ಕಡಿಮೆ. ಹದಿನಾರು ವರ್ಷಗಳಲ್ಲಿ ಆತ ಗಾಯಕರ ಸಂಖ್ಯೆ ಹೆಚ್ಚಿಸಿ, ಬಾಲಕರಿಗೆ ಹೊಸ ಶಾಲೆಯಾದುದನ್ನೂ ಕಂಡು, ಇಡೀ ದೇಶ ಅನುಕರಿಸುವ ಮಟ್ಟಕ್ಕೆ ಮೇಳವನ್ನು ಎತ್ತಿದನು. ಮರಿಯಾ ಹ್ಯಾಕೆಟ್ 1874ರವರೆಗೆ ಬದುಕಿದ್ದಳು. ತಾನು ಪಾಠ ಕೊಡಿಸಿದ ಹುಡುಗ ಆ ಪೀಠದಲ್ಲಿ ಕುಳಿತುದನ್ನು ನೋಡುವ ಭಾಗ್ಯ ಆಕೆಯದಾಯಿತು.

ಇದರ ನಡುವೆ ಬರಹ, ಬೋಧನೆ, 1882ರಿಂದ ಸರಕಾರದ ಶಾಲಾ ಸಂಗೀತ ಪರೀಕ್ಷಕನ ಹೊಣೆ. 1874ರಲ್ಲಿ ಸಂಗೀತ ಸಂಶೋಧಕರ ಸಂಘವೊಂದರ ಸ್ಥಾಪನೆಗೆ ಮುಂದಾದವರಲ್ಲೂ ಆತನೇ ಮೊದಲಿಗ. ಜೊತೆಗೆ ರಚನೆಗಳು ಬೇರೆ. 1887ರಲ್ಲಿ ಲಂಡನ್ನಿನ ಮ್ಯಾರಿಲಬೋನ್ ಇಗರ್ಜಿಗಾಗಿ ಬರೆದ 'ಕ್ರೂಸಿಫಿಕ್ಷನ್' ಎಂಬ ಕೃತಿಯಂತೂ ಸಣ್ಣಪುಟ್ಟ ಊರುಗಳ ಹವ್ಯಾಸಿ ಮೇಳಗಳೂ ಹಾಡಬಲ್ಲಷ್ಟು ಸುಲಭವಾಗಿದ್ದುದರಿಂದ ಕಾಳ್ಗಿಚ್ಚಿನಂತೆ ಹಬ್ಬಿತು. ಆದರೆ ಕರ್ತೃವಿಗೆ ತನ್ನ ರಚನೆಗಳ ಬಗೆಗೆ ಭ್ರಮೆಯಿರಲಿಲ್ಲ. ಹಳೆಯ ಆಂಗ್ಲ ಸಂಗೀತದ ಸಂಪಾದಕನೆಂದು ಮುಂದೆ ಪ್ರಸಿದ್ಧನಾದ ಎಡ್ಮಂಡ್ ಫೆಲೋಸ್ ಎಂಬ ಕಿರಿಯ ಮಿತ್ರನೊಡನೆ, ಇವುಗಳಲ್ಲಿ ಹೆಚ್ಚಿನವು ಅವರಿವರ ಒತ್ತಾಯಕ್ಕೆ ಬರೆದವು, ಅಚ್ಚು ಹಾಕಿಸಬಾರದಿತ್ತು ಎಂದು ಹೇಳಿಕೊಂಡನಂತೆ. ಇದನ್ನು ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಹೊಗಳುವವರು ಮನೆ ತುಂಬಿರುವಾಗ ಹಾಗೆ ನುಡಿಯಲು ಬೇಕಾದ ಎದೆ ಸಾಮಾನ್ಯದ್ದಲ್ಲ.

1888ರ ವೇಳೆಗೆ ಉಳಿದ ಕಣ್ಣೂ ಮಂದವಾಗತೊಡಗಿತು. ಸಂತ ಪಾಲರ ಕೆಲಸ ಬಿಟ್ಟನು. ರಾಣಿ 'ಸರ್' ಪದವಿಯಿತ್ತಳು. ಮರುವರ್ಷ ಔಸ್ಲಿ ತೀರಿಕೊಂಡು ತೆರವಾದ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪೀಠ ಶಿಷ್ಯನಿಗೆ ಬಂದಿತು. ಬೇರೆಯವರು ವಿಶ್ರಾಂತಿ ಎಂದುಕೊಳ್ಳುವ ಈ ಕಾಲದಲ್ಲಿಯೇ ಆತನ ನಿಜವಾದ ಕೆಲಸ ಆರಂಭವಾದುದು.

ಆಕ್ಸ್‌ಫರ್ಡಿನ ಬೋಡ್ಲಿ ಗ್ರಂಥಭಂಡಾರವು 1817ರಲ್ಲಿ ವೆನಿಸಿನ ಕನೋನಿಚಿ ಎಂಬ ಸಂಗ್ರಾಹಕನ ಸುಮಾರು 2000 ಹಸ್ತಪ್ರತಿಗಳನ್ನು ಕೊಂಡಿತ್ತು. ಅವುಗಳಲ್ಲಿ 213ನೆಯ ಅಂಕೆಯ ಒಂದು ಕಟ್ಟು, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಉತ್ತರ ಇಟಲಿಯಲ್ಲಿ ಬರೆದಿಟ್ಟ ಹಾಡುಗಳದು. ಒಳಗೆ ಮುನ್ನೂರಕ್ಕೂ ಮಿಕ್ಕಿ ಕೃತಿಗಳು. ಕಟ್ಟು ಭಂಡಾರಕ್ಕೆ ಬಂದು ಎಷ್ಟೋ ದಶಕಗಳಾಗಿದ್ದರೂ ಅದನ್ನು ಹಾಡಾಗಿ ಓದುವವರು ಇರಲಿಲ್ಲ. ಓದುವುದೇನು ಸುಲಭವೇ? ನಮ್ಮ ಸ್ವರಲಿಪಿ ಪುಸ್ತಕಗಳಲ್ಲಿ ಆವರ್ತ ಮುಗಿದಲ್ಲಿ ಗೆರೆ ಹಾಕಿರುತ್ತಾರಲ್ಲವೆ, ಅಲ್ಲಿ ಆ ಗೆರೆಗಳೇ ಇಲ್ಲ. ಮೂವರು ಕೂಡಿ ಹಾಡುವ ಹಾಡಾದರೆ ಮೂವರ ಪಾಠವನ್ನೂ ಬೇರೆ ಬೇರೆಯಾಗಿ ಬರೆದಿದೆ. ಯಾವ ಸ್ವರ ಯಾವುದರ ಮೇಲೆ ಕೂರುತ್ತದೆಂದು ಲೆಕ್ಕ ಹಾಕಿಯೇ ತಿಳಿಯಬೇಕು. ಇನ್ನೂ ದೊಡ್ಡ ತೊಡಕೆಂದರೆ, ಒಂದೇ ಚಿಹ್ನೆ ಒಂದೆಡೆ ಮೂರು ಮಾತ್ರೆ, ಇನ್ನೊಂದೆಡೆ ಎರಡೇ ಮಾತ್ರೆ. ಅದನ್ನು ನಿರ್ಧರಿಸುವುದು ಪಕ್ಕದ ಚಿಹ್ನೆ. ನಮ್ಮ ಛಂದಸ್ಸಿನಲ್ಲಿ ಲಘುವೂ ಮುಂದೆ ಒತ್ತಕ್ಷರ ಬಂದರೆ ಗುರುವಾಗುವುದಿಲ್ಲವೆ, ಆ ಬಗೆಯ ಕಟ್ಟಳೆ. ಒಂದು ಕಡೆ ಎಡವಿದರೆ ಮುಂದಿನದೆಲ್ಲ ತಪ್ಪು. ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದೆ ಮತ್ತೆ ಮೊದಲಿನಿಂದ ಕೂಡುತ್ತ ಕುಳಿತವರಿಗೆ ಆ ಸಂಕಟ ವಿವರಿಸಬೇಕಾಗಿಲ್ಲ.

ಕಣ್ಣು ಸೋತ ತಂದೆಗೆ ಮಕ್ಕಳು ಕಣ್ಣಾದರು. ಮಗ ಜಾನ್, ಮಗಳು ಸೆಸಿ, ಇಬ್ಬರೂ ಕುಳಿತು ಐವತ್ತು ಹಾಡುಗಳನ್ನು ಹೊಸ ಲಿಪಿಗಿಳಿಸಿದರು. ಭಂಡಾರದ ಅಧ್ಯಕ್ಷ ನಿಕಲ್ಸನ್ ಪೀಠಿಕೆ ಬರೆದನು. ಸಂಗೀತದ ಒಳಗನ್ನು ವಿಮರ್ಶಿಸಿದವನು ತಂದೆ. 1898ರಲ್ಲಿ 'ದ್ಯುಫೇ ಮತ್ತು ಸಮಕಾಲೀನರು' ಎಂಬರ್ಥದ ಹೆಸರಿನಲ್ಲಿ ಗ್ರಂಥ ಹೊರಬಂದಿತು. ಈ ದ್ಯುಫೇ ಎಂಬವನ ಕಾಲವನ್ನೇ ಹಿಂದಿನ ಚರಿತ್ರಕಾರರು ತಪ್ಪಾಗಿ ಎಣಿಸಿ, 1432ರಲ್ಲಿ ಸತ್ತನೆಂದು ಬರೆದಿದ್ದರು. ಜರ್ಮನಿಯ ಹಾಬರ್ಲ್ 1885ರಲ್ಲಿ ಅದನ್ನು ತಿದ್ದಿದ್ದನು. ದ್ಯುಫೇ ಬದುಕಿದ್ದುದು 1474ರವರೆಗೆ. ಆ ಕಾಲದ ಸಂಗೀತವೆಂದರೆ ಬರಿಯ ಗಣಿತದ ಒಗಟು, ಕಿವಿಗೆ ಒರಟು ಎಂಬುದು ಬಹುಜನರ ನಂಬಿಕೆಯಾಗಿತ್ತು. ಐವತ್ತು ಹಾಡುಗಳು ಕಣ್ಣೆದುರು ಬಂದಾಗ, ಅವುಗಳಲ್ಲಿ ಎಷ್ಟೋ ಕಡೆ ಹಾಡಿಕೊಳ್ಳುವಂಥ ಇಂಪಿದೆಯೆಂಬುದು ಪ್ರತ್ಯಕ್ಷವಾಯಿತು.

ಆ ಕಟ್ಟಿನಲ್ಲಿ 1426 ಎಂದು ಇಸವಿ ನಮೂದಾದ ದ್ಯುಫೇಯ ಹಾಡೊಂದಿದೆ. ಫ್ರಾನ್ಸಿನ ಲಾನ್ ಸೀಮೆಯನ್ನು ಬಿಟ್ಟು ಹೊರಟವನು ಅಲ್ಲಿಯ ಒಳ್ಳೆಯ ಮದ್ಯಕ್ಕೆ, ಹೆಂಗಳೆಯರಿಗೆ, ಗೆಳೆಯರಿಗೆ ವಿದಾಯ ಹೇಳುವ ಹಾಡು. ಅದರ ಧ್ವನಿಮುದ್ರಿಕೆ ಕೇಳಿದೆವು. ಭಾಷೆ ತಿಳಿಯದು, ಸಂಗೀತದ ಶಾಸ್ತ್ರವೂ ತಿಳಿಯದು. ಆದರೂ ಹುಬ್ಬಳ್ಳಿಯ ನಿಲ್ದಾಣದಲ್ಲಿ ಟ್ರಂಕು ಹಿಡಿದು ನಿಂತ ದಿನ ಜ್ಞಾಪಕಕ್ಕೆ ಬಂದುದು ನಿಜ.

1899ರಲ್ಲಿ ಪೀಠ ತೊರೆದ ಮೇಲೂ ಕೆಲಸ ನಿಲ್ಲಲಿಲ್ಲ. ಬೋಡ್ಲಿಯಲ್ಲಿದ್ದ ಇನ್ನೂ ಹಳೆಯ ಹಾಡುಗಳನ್ನು ಹನ್ನೆರಡನೆಯ ಶತಮಾನದಿಂದ ಹಿಡಿದು ಜೋಡಿಸಿದ ಎರಡು ಸಂಪುಟಗಳು ಅದೇ ಮಕ್ಕಳ ನೆರವಿನಿಂದ ಸಿದ್ಧವಾಗಿ 1901ರಲ್ಲಿ ಪ್ರಕಟವಾದವು. ಅದೇ ವರ್ಷ ಮಾರ್ಚ್ 31ರಂದು, ಗರಿಗಳ ಭಾನುವಾರ, ಇಟಲಿಯ ವೆರೋನಾದಲ್ಲಿ ಪ್ರವಾಸದಲ್ಲಿದ್ದಾಗ ಸ್ಟೇನರ್ ತೀರಿಕೊಂಡನು. ಸಮಾಧಿ ಆಕ್ಸ್‌ಫರ್ಡಿನ ಹೋಲಿವೆಲ್ ಸ್ಮಶಾನದಲ್ಲಿದೆ. 213ನೆಯ ಕಟ್ಟಿನ ಪಡಿಯಚ್ಚು 1995ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದಿಂದ ಪ್ರಕಟವಾಗಿದೆ. ಮೂಲ ಪ್ರತಿ ಬೋಡ್ಲಿಯ ಕಪಾಟಿನಲ್ಲಿಯೇ ಇದೆ.