ಪೊಟ್ಟಣದೊಳಗಿನ ಗಡಿಯಾರ



ನಮ್ಮ ಈ ಪತ್ರಿಕೆಯನ್ನು ಪುಣೆಯಲ್ಲೊಂದು, ಚೆನ್ನೈಯಲ್ಲೊಂದು ಮುದ್ರಣಾಲಯಕ್ಕೆ ಕೊಟ್ಟೆವು ಎಂದುಕೊಳ್ಳಿ. ಇಬ್ಬರೂ ಮೂಲೆಯಲ್ಲಿ ಮುದ್ರಿಸಿದ ಗಳಿಗೆಯನ್ನು ಒತ್ತಿಬಿಟ್ಟರೆ? ಬರಹ ಒಂದೇ, ಆದರೂ ಪ್ರತಿಗಳು ತಾಳೆಯಾಗುವುದಿಲ್ಲ. ಲಿನಕ್ಸ್ ಜಗತ್ತನ್ನು ಬಹುಕಾಲ ಕಾಡಿದ್ದು ಇಷ್ಟೇ ಸಣ್ಣ ಸಂಗತಿ.

ಲಿನಕ್ಸ್ ತಂತ್ರಾಂಶದ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು. ಆದರೆ ನಮ್ಮ ಕಂಪ್ಯೂಟರಿಗೆ ಬರುವುದು ಅದರಿಂದ ಬೇರೆಲ್ಲೋ ತಯಾರಾದ ಪ್ಯಾಕೇಜ್. ಇದು ಆ ಕೋಡಿನಿಂದಲೇ ಹುಟ್ಟಿದ್ದೆಂದು ನಂಬುವುದು ಹೇಗೆ? ಕೋಡ್ ಶುದ್ಧವಾಗಿ ಕಂಡರೂ ತಯಾರಾದ ಪ್ರೋಗ್ರಾಂನಲ್ಲಿ ಮೋಸ ಅಡಗಿರಬಹುದೆಂದು ಯೂನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲೇ ತೋರಿಸಿಕೊಟ್ಟಿದ್ದರು.

ಪರೀಕ್ಷೆ ಸುಲಭ. ನೀವೂ ತಯಾರಿಸಿ, ನಾನೂ ತಯಾರಿಸುತ್ತೇನೆ; ಬೈಟ್ ಬೈಟಿಗೂ ಹೋಲಿಸೋಣ. ಅಲ್ಲೇ ಗಡಿಯಾರ ಅಡ್ಡ ಬಂತು! ಕಡತವನ್ನು ಕುಗ್ಗಿಸುವ ಜಿಜಿಪ್ ಸಾಧನ ತಲೆಬರಹದ ನಾಲ್ಕು ಬೈಟ್‌ಗಳಲ್ಲಿ ಸಮಯ ಬರೆಯುತ್ತಿತ್ತು. ಕೆಲವು ಪ್ರೋಗ್ರಾಂಗಳು ತಾವು ತಯಾರಾದ ದಿನಾಂಕವನ್ನೇ ಒಳಗಿಟ್ಟುಕೊಳ್ಳುತ್ತಿದ್ದವು.

1993ರಲ್ಲಿ ಆರಂಭವಾದ ಡೆಬಿಯನ್‌ಗೆ ಇದು ಇನ್ನೊಂದು ದಾರಿಯಿಂದಲೂ ತೊಡಕಾಯಿತು. 2013ರ ಮೇ ತಿಂಗಳಲ್ಲಿ ಬಂದ ಅದರ 7ನೇ ಆವೃತ್ತಿಯಲ್ಲಿ ಒಂದೇ ಲೈಬ್ರರಿಯ 32 ಮತ್ತು 64 ಬಿಟ್ ರೂಪಗಳನ್ನು ಒಟ್ಟಿಗೆ ಹಾಕಿಕೊಳ್ಳುವ ಸೌಲಭ್ಯ ಬಂತು. ಎರಡರಲ್ಲೂ ಇರುವ ಸಮಾನ ಕಡತಗಳು ಅಕ್ಷರಶಃ ಒಂದೇ ಆಗಿರಬೇಕೆಂಬುದು ಷರತ್ತು. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಕುಗ್ಗಿಸಿದ ಕಡತದಲ್ಲಿ ಸಮಯವೊಂದು ಬೇರೆಯಾದರೂ ಸಾಕು, ಕಡತಗಳ ಘರ್ಷಣೆ! ಡಿಪಿಕೆಜಿ ಎಂಬ ಸಾಧನ ಎರಡನೆಯದನ್ನು ಒಳಗೇ ಬಿಡುತ್ತಿರಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬೇಹುಗಾರಿಕೆಯ ಗುಟ್ಟುಗಳನ್ನು ಬಯಲು ಮಾಡಿದರು. ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ವೊಮಾರ್ಕೂದಲ್ಲಿ ನಡೆದ ಡೆಬಿಯನ್ ಸಮ್ಮೇಳನದಲ್ಲಿ ಲೂನಾರ್ ಎಂಬ ಹೆಸರಿನ ಫ್ರೆಂಚ್ ಕಾರ್ಯಕರ್ತರು ಈ ಚರ್ಚೆಗೆ ಚಾಲನೆ ಕೊಟ್ಟರು. ಬಳಿಕ ಸ್ವಯಂಸೇವಕರು ಸಾವಿರಾರು ಪ್ಯಾಕೇಜ್‌ಗಳನ್ನು ಎರಡೆರಡು ಸಲ ತಯಾರಿಸಿ, ವ್ಯತ್ಯಾಸಗಳನ್ನು ಒಂದೊಂದಾಗಿ ಹೆಕ್ಕಿದರು. 2015ರಲ್ಲಿ ‘ಸೋರ್ಸ್ ಡೇಟ್ ಇಪಾಕ್’ ಎಂಬ ಸರಳ ಒಪ್ಪಂದ ರೂಪುಗೊಂಡಿತು: ಯಂತ್ರದ ಗಡಿಯಾರ ನೋಡಬೇಡಿ, ಸೋರ್ಸ್ ಕೋಡ್ ಕೊನೆಯದಾಗಿ ಬದಲಾದ ಸಮಯವನ್ನೇ ಬರೆಯಿರಿ. ಎಲ್ಲಿ, ಯಾವಾಗ ತಯಾರಿಸಿದರೂ ಆ ಸಮಯ ಒಂದೇ!

ಇಷ್ಟೆಲ್ಲ ಏಕೆ ಎನ್ನುವಿರಾ? 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ನೋಡಿ. ಅದು ಲಿನಕ್ಸ್ ಪ್ಯಾಕೇಜ್ ಅಲ್ಲ, ಆದರೆ ಪಾಠ ಅದೇ. ದಾಳಿಕೋರರು ತಂತ್ರಾಂಶ ತಯಾರಾಗುವ ಯಂತ್ರಕ್ಕೇ ನುಗ್ಗಿ ವಿಷ ಬೆರೆಸಿದ್ದರು. ಕಂಪನಿಯ ಸಹಿ ಹೊತ್ತೇ ಅದು ಗ್ರಾಹಕರನ್ನು ತಲುಪಿತು. ಇನ್ನೊಂದು ಕಡೆ ಪ್ರತ್ಯೇಕವಾಗಿ ತಯಾರಿಸಿ ಹೋಲಿಸಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತಿತ್ತು.

ಲೂನಾರ್ 2024ರ ನವೆಂಬರಿನಲ್ಲಿ ತೀರಿಕೊಂಡರು. ‘ನಂಬಿ’ ಎನ್ನುವ ಬದಲು ‘ನೀವೇ ತಾಳೆ ನೋಡಿ’ ಎನ್ನುವ ದಾರಿಯನ್ನು ಅವರೂ ಗೆಳೆಯರೂ ತೆರೆದಿಟ್ಟಿದ್ದಾರೆ.